ಗಸಿ ತಳ ಕೂಡುವ ತನಕ

ಶನಿವಾರ ಬೆಳಿಗ್ಗೆ ಭಾಗ್ಯಾ ಪಾತ್ರೆ ತೊಳೆಯಲು ಒಳಗೆ ಬಂದಾಗ ಮನೆಯ ಯಜಮಾನ ವಿಜಯೀಂದ್ರ, ಶ್ರೀಖಂಡಕ್ಕೆ ಮೊಸರು ಕಟ್ಟಿ ಚಕ್ಕಾ ಮಾಡುವ ಬಿಳಿ ಅರಿವೆಯನ್ನು ಎರಡೂ ಕೈಯಿಂದ ಹಿಂಡುತ್ತಿದ್ದ. ಕೆಳಗಿನ ಬೋಗುಣಿಗೆ ಇಳಿಯುತ್ತಿದ್ದದ್ದು ಮೊಸರಿನ ನೀರಲ್ಲ. ಎರಡು ತಿಂಗಳಿಂದ ಅವನೇ ಹುಳಿ ಬರಿಸಿದ್ದ ಜೇನಿನ ಮದ್ಯ. ಪಕ್ಕದ ಗಾಜಿನ ಜಾಡಿಯಲ್ಲಿ ಬಾರ್ಲಿಯ ಬಿಯರು ತನ್ನ ಸರದಿಗೆ ಕಾಯುತ್ತಿತ್ತು. ಹಿಂಡಿದಷ್ಟೂ ಮದ್ಯ ಕದಡುತ್ತಿತ್ತು.

“ಇವ್ರು ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಸ್ತಾರ ನೋಡು,” ನಕ್ಕವಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಇಂದು. “ನನ್ನ ಅರಿವಿ ಹಾಳಾತು. ಇನ್ನ ಹಬ್ಬದಾಗ ಶ್ರೀಖಂಡ ತಿಂದವ್ರಿಗೂ ನಶಾ ಏರತದ.”

“ನಾಳೆ ಸಂಜೀಕ ಎಂಟು ಮಂದಿ ಬರ್ಲಿಕತ್ತಾರ. ಈ ರಾಡಿ ಕುಡಿಸ್ಲೇನು?” ಎಂದ ವಿಜಯೀಂದ್ರ.

ಭಾಗ್ಯಾ ನಾಲ್ಕು ದಿನದಿಂದ ಸೋಮವಾರದ ರಜೆ ಕೇಳುತ್ತಿದ್ದಳು. ಪಾರ್ಟಿಯ ಎಂಜಲು ಪಾತ್ರೆ ಯಾರು ತಿಕ್ಕಬೇಕು ಎಂದು ಇಂದುವೇ ನಾಲ್ಕು ದಿನವೂ ನಿರಾಕರಿಸಿದ್ದಳು. ಪಾತ್ರೆ ತಿಕ್ಕುವವರ ರಜೆಯನ್ನು ಪಾತ್ರೆಗಳೇ ತೀರ್ಮಾನಿಸುವ ಮನೆಗಳು ಧಾರವಾಡದಲ್ಲಿ ಬಹಳ.

“ಸರ್, ಅರಿವಿ ಬಿಡ್ರಿ. ನಾ ತಿಳಿ ಮಾಡಿ ಕೊಡ್ತೇನಿ, ನೀವು ಸೋಮವಾರ ಸೂಟಿ ಕೊಡ್ರಿ.”

“ನಿನಗೇನ ಗೊತ್ತದ ಇದರಾಗ?”

“ಹಿಂಡಿದ್ರ ತಳದ ಗಸಿ ಎಲ್ಲಾ ಮ್ಯಾಲೆ ಬರತೈತ್ರಿ. ತಂಪಿನ್ಯಾಗ ಇಟ್ಟು ಕೈ ಕಟ್ಟಿ ಕುಂದರಬೇಕು. ನಿಮಗ ಅದೇ ಆಗವಲ್ದು.”

ಇಂದುವಿಗೆ ಮತ್ತೆ ನಗು. ವಿಜಯೀಂದ್ರ ಮಾತು ಕೊಟ್ಟ: ನಾಳೆಗೆ ತಿಳಿಯಾದರೆ ಸೋಮವಾರ ಸೂಟಿ. ಫ್ರಿಜ್ಜಿನಿಂದ ದೋಸೆಹಿಟ್ಟು, ತರಕಾರಿ, ಹಾಲು ಹೊರಬಿದ್ದವು. ಬೋಗುಣಿಯ ಮದ್ಯವನ್ನು ಇನ್ನೊಂದು ಜಾಡಿಗೆ ಸುರಿದು, ಎರಡೂ ಜಾಡಿಗಳನ್ನು ಭಾಗ್ಯಾ ಒಳಗಿಟ್ಟಳು. “ಯಾರರ ಬಾಗಲಾ ತಗದು ಅಳ್ಳಾಡಿಸಿದ್ರ, ಸೂಟಿ ಎರಡು ದಿನಾ,” ಎಂದು ಹೇಳಿ ಹೋದಳು.

ರವಿವಾರ ನಾಲ್ಕು ಗಂಟೆಗೆ ಬಂದವಳು ಹಸುಗೂಸನ್ನು ಎತ್ತುವಂತೆ ಮೊದಲು ಜೇನಿನ ಮದ್ಯದ ಜಾಡಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ತೊಳೆದ ಬಾಟಲಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿದಳು. ಸಪೂರ ಪೈಪಿನ ತುದಿಯನ್ನು ಉದ್ದ ಚಮಚದ ಹಿಡಿಕೆಗೆ ಕಟ್ಟಿ, ಗಸಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಇಳಿಸಿದಳು. ಇನ್ನೊಂದು ತುದಿಯನ್ನು ಒಮ್ಮೆ ಎಳೆದು ಬಾಟಲಿಗೆ ಬಿಟ್ಟಾಗ ಹೊಂಬಣ್ಣದ ಮದ್ಯ ಸದ್ದಿಲ್ಲದೆ ಕೆಳಗಿಳಿಯಿತು. ತಳದಲ್ಲಿ ಉಳಿದದ್ದರತ್ತ ವಿಜಯೀಂದ್ರ ಕೈ ಚಾಚಿದಾಗ, “ಅದರ ಆಸೆ ಬಿಡ್ರಿ ಸರ್,” ಎಂದು ಜಾಡಿಯನ್ನು ಸರಿಸಿದಳು.

ಅವನು ಒಂದು ಬಾಟಲಿಯನ್ನು ಕಿಟಕಿಗೆ ಹಿಡಿದ. ಅದರ ಮೂಲಕ ಎದುರುಮನೆಯ ಕಂಪೌಂಡಿನ ಬಣ್ಣವೂ ಕಾಣುತ್ತಿತ್ತು.

“ಎಲ್ಲೆ ಕಲ್ತಿ ಇದನ್ನ?”

“ನಮ್ಮವ್ವ ಜ್ವಾಳ, ಬೆಲ್ಲಾ ಹಾಕಿ ಹೆಂಡಾ ಮಾಡತಿದ್ಲರಿ. ಹಿಡಕೊಂಡು ಹೋಗಿ ಕೇಸ್ ಹಾಕ್ಯಾರ. ನಾಳೆ ಅದರದ ತಾರೀಖು. ಅಕಿಗೆ ಕಣ್ಣು ಕಾಣಂಗಿಲ್ಲ, ನಾನ ಕರಕೊಂಡು ಹೋಗಬೇಕು.”

ವಿಜಯೀಂದ್ರ ಬಾಟಲಿ ಕೆಳಗಿಟ್ಟ. “ಅದು ಬ್ಯಾರೆ ವಿಷಯ, ಭಾಗ್ಯಾ. ಇದು ಹವ್ಯಾಸ.”

“ಹೌದ್ರಿ. ಅಕಿ ಮಣ್ಣಿನ ಗಡಿಗ್ಯಾಗ ಮಾಡತಿದ್ಲು.”

“ಅಲ್ರೀ, ನಿಮ್ಮ ಕಡೆ ಪರವಾನಗಿ ಅದ ಏನು?” ಎಂದಳು ಇಂದು. ಈ ಸಲ ನಗಲಿಲ್ಲ.

ಅವನು ಮತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. “ಏನರ ಅನ್ನು, ನಿಮ್ಮವ್ವಂದು ಇಷ್ಟು ತಿಳಿ ಇರತಿದ್ದಿಲ್ಲ ಬಿಡು.”

ಭಾಗ್ಯಾ ಸೆರಗಿಗೆ ಕೈ ಒರೆಸಿಕೊಂಡಳು.

“ನಾಳೆ ಕೋರ್ಟಿಗೆ ಬಂದು ನೋಡ್ರಿ ಸರ್. ಸಾಕ್ಷಿಗಂತ ಒಂದು ಬಾಟ್ಲಿ ಸೀಲ್ ಮಾಡಿ ಇಟ್ಟಾರ. ಆರು ವರ್ಷ ಆತು, ಯಾರೂ ಅಳ್ಳಾಡಿಸಿಲ್ಲ.”