ಮೊದಲ ಅಂಗಿ

ಮೂರು ತಿಂಗಳ ಬಸುರಿ ಕಿರಿಸೊಸೆಗೆ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಹಿರಿಸೊಸೆ ನಿಂಬೆ ಪಾನಕ ತಂದು ಮುಂದೆ ಹಿಡಿದಳು.

ಅತ್ತೆ ಲೋಟ ಕಿತ್ತುಕೊಂಡು ಬಚ್ಚಲಿಗೆ ಸುರಿದರು. "ಹೆತ್ತ ಕೂಸನ್ನು ಮಣ್ಣು ಮಾಡಿದವಳು ನೀನು. ಇವಳನ್ನು ಮುಟ್ಟಿದರೆ ನೋಡು."

"ಬೇಜಾರು ಮಾಡ್ಕೋಬೇಡಿ ಅಕ್ಕಾ, ನನಗೂ ಭಯ," ಎಂದು ಕಿರಿಯವಳು ಸೆರಗನ್ನು ಹೊಟ್ಟೆಯ ಮೇಲೆಳೆದುಕೊಂಡಳು.

ಹುಟ್ಟಿದ ಕೂಸಿಗೆ ಮೊದಲು ತೊಡಿಸುವುದು ಹಳೇ ಅಂಗಿಯನ್ನೇ, ಅದೂ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದ ಮನೆಯದು. ಎದುರುಮನೆ ಪುಟ್ಟತಾಯಮ್ಮನಿಗೆ ಅತ್ತೆ ಆಗಲೇ ಹೇಳಿಟ್ಟಿದ್ದರು. ಮರುದಿನ ಹಿರಿಸೊಸೆ ಪುಟ್ಟದೊಂದು ಅಂಗಿ ತಂದಳು. "ಎದುರುಮನೆಯಿಂದ ಬಂತು."

"ಕೈಗೆ ಕೊಡಬೇಡ, ಮಂಚದ ಮೇಲಿಡು," ಎಂದರು ಅತ್ತೆ.

ಎಷ್ಟು ಮೆತ್ತಗಿತ್ತು! ಕಿರಿಯವಳು ಅದನ್ನು ಕೆನ್ನೆಗೊತ್ತಿಕೊಂಡಳು, ದಿನವೂ ಹೊಟ್ಟೆಯ ಮೇಲೆ ಹರಡಿಕೊಂಡು ಮಲಗಿದಳು. ವಾಂತಿ ಕೂಡ ಕಡಿಮೆಯಾದಂತಿತ್ತು.

ವಾರ ಕಳೆದು ಪುಟ್ಟತಾಯಮ್ಮ ಬಂದರು. "ಮರೆತೇ ಹೋಗಿತ್ತು ನೋಡಿ. ಇಗೋ, ನಮ್ಮ ಹುಡುಗನ ಅಂಗಿ."

"ಹಾಗಾದರೆ ಇದು?" ಕಿರಿಯವಳ ಕೈ ಹೊಟ್ಟೆಯ ಮೇಲಿದ್ದ ಅಂಗಿಯ ಮೇಲೇ ನಿಂತಿತು.

ಹಿರಿಸೊಸೆ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದಳು: "ನನ್ನ ಕೂಸಿನದು. ಉಸಿರು ನಿಂತಾಗ ಅದೇ ಮೈಮೇಲಿತ್ತು."