ಮಿಡತೆಯ ಅಕ್ಕಿ

“ಅಲ್ಲೇ ನಿಲ್ಲು. ಇತ್ಲಾಗೆ ಬರ್ಬೇಡ.”

ಹೊನ್ನಾವರ ಬಂದರಿನ ಚಪ್ಪರದಲ್ಲಿ ಕೂತಿದ್ದ ಗುಮಾಸ್ತ ಮಾಬ್ಲೇಶ್ವರ ಹೆಗಡೆ ಅಂಗವಸ್ತ್ರದಿಂದ ಮೂಗು ಮುಚ್ಚಿಕೊಂಡ. ಗಂಗಿ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ನೊಣ ಮುತ್ತಿದವು. ಬುಟ್ಟಿಯ ತುಂಬ ಕಾಲು, ಮೀಸೆ, ಮಣಿಯಂಥ ಕಪ್ಪು ಕಣ್ಣು. ಅವನು ಮುಖ ತಿರುಗಿಸಿದ.

ಯುದ್ಧ ಶುರುವಾಗಿ ಬರ್ಮಾದ ಅಕ್ಕಿ ನಿಂತುಹೋದ ಕಾಲ. ಪಡಿತರ ಯಾವ ಮನೆಗೂ ತಿಂಗಳಿಡೀ ಸಾಲುತ್ತಿರಲಿಲ್ಲ. ಅಂಥದರಲ್ಲಿ ಇಂಗ್ಲಿಷಿನಲ್ಲೊಂದು ಹುಕುಂ ಬಂತು. ಲೋಕಸ್ಟ್ ಎಂಬ ಹುಳ ಬೆಳೆಗೆ ಮುತ್ತುತ್ತಿದೆ. ಕೊಂದು ತಂದವರಿಗೆ ಬುಟ್ಟಿಗೊಂದು ಸೇರು ಅಕ್ಕಿ ಕೊಡಿ, ತಂದದ್ದನ್ನು ಸುಟ್ಟುಹಾಕಿ. ಹಿಂದೆಯೇ ಅಕ್ಕಿ ಮೂಟೆಗಳೂ ಬಂದವು. ಮಾಬ್ಲೇಶ್ವರ ‘ಮಿಡತೆ’ ಎಂದು ಡಂಗುರ ಹೊಡೆಸಿದ. ಮೊದಲು ಯಾರೂ ಬರಲಿಲ್ಲ. ಆಮೇಲೆ ಹೊಳೆ ನಡುವಿನ ನಡುಗಡ್ಡೆ ಮಾವಿನಕುರ್ವೆಯಿಂದ ಗಂಗಿ ದೋಣಿ ಹತ್ತಿ ಬಂದಳು. ಅವಳ ಬೆನ್ನಿಗೆ ಸುಕ್ರಿ, ಲಕ್ಕಿ, ಇಡೀ ಕುರ್ವೆ.

ಈ ಕೆಲಸಕ್ಕೆ ಅವನೇ ಸಿಗಬೇಕಾಗಿತ್ತೆ? ನೆರೆಮನೆಯ ಬೆಳ್ಳುಳ್ಳಿ ಒಗ್ಗರಣೆಗೇ ಮುಖ ಸಿಂಡರಿಸುವ ಮನೆತನ ಅವನದು. ಸಂಜೆ ಬಾವಿಕಟ್ಟೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕಿದರೂ ನಾತ ಬಿಡುತ್ತಿರಲಿಲ್ಲ. ಹೆಂಡತಿ ಬಡಿಸಿ ದೂರ ಸರಿದು ಕೂರುತ್ತಿದ್ದಳು. ಅನ್ನ ಕಲಸುವಾಗ ಆ ಕಾಲು, ಆ ಮೀಸೆ ಕಣ್ಣಿಗೆ ಕಟ್ಟಿ ಅರ್ಧಕ್ಕೇ ಎದ್ದುಬಿಡುತ್ತಿದ್ದ. ತಂದದ್ದನ್ನು ಸುಡುವ ಹೊಂಡಕ್ಕೆ ಬೆಂಕಿ ಬಿದ್ದು ಹೊಗೆ ಎದ್ದರೆ ಬಂದರಿನ ಹಮಾಲರು ಎಂಜಲು ನುಂಗುತ್ತ ಇತ್ತ ನೋಡುವರು. ಅದನ್ನು ಕಂಡು ಅವನಿಗೆ ಮತ್ತೂ ಹೇಸಿಗೆ. ಬುಟ್ಟಿಯ ಮೇಲೂ ಹೇಸಿಗೆ, ಅದನ್ನು ಹೊರಿಸುವ ಹಸಿವಿನ ಮೇಲೂ ಹೇಸಿಗೆ.

“ಬಿಸಿಲಿಗೆ ಒಣಗ್ಸಿ ತರೂಕೆ ಎಂತ ಧಾಡಿ ನಿಂಗೆ?” ಎಂದು ಗದರಿದ.

“ಒಣಗೂ ವರೆಗೆ ಮನೇಲಿ ಬಾಣಂತಿ ಉಪಾಸ ಇರೂದಾ, ಹೆಗ್ಡೇರೆ?”

“ಆತು, ಹೊಂಡಕ್ಕೆ ಹಾಕು. ಮೊದ್ಲು ಬುಟ್ಟಿ ಮೂಸೂ ಆ ಬೆಕ್ಕನ್ನ ಓಡ್ಸು.”

ಅವಳು ಬುಟ್ಟಿ ಎತ್ತುವ ಮೊದಲೇ ಮೋಟಾರು ಬಂದು ನಿಂತಿತು. ಇಳಿದವರು ಧಾರವಾಡದ ಕಡೆಯ ತಪಾಸಣೆ ಸಾಹೇಬರು. ಮಿಡತೆ ಇಲ್ಲವೆಂದು ಕಂಡಲ್ಲಿ ಅಕ್ಕಿಯನ್ನು ಅಂದೇ ವಾಪಸು ಸಾಗಿಸುವ ಅಧಿಕಾರ ಅವರದು. ನಿನ್ನೆ ಕುಮಟೆಯಲ್ಲಿ ಹಾಗೇ ಮಾಡಿ ಬಂದಿದ್ದರು. ಸುದ್ದಿ ಗಂಗಿಗೂ ಮುಟ್ಟಿತ್ತು.

“ಏನ್ರೀ ಇದು ಹೊಲಸು ನಾತ. ನಮ್ಮ ಕಡೆ ಮಿಡತಿ ಹಿಂಗ ನಾರಂಗಿಲ್ಲ.”

“ಉಪ್ಪುಗಾಳಿ, ಸಾಹೇಬರೆ. ಇಲ್ಲಿ ಎಲ್ಲವೂ ಬೇಗ ಕೊಳೆಯುತ್ತದೆ.”

“ಆ ನಡುಗಡ್ಡಿಯೊಳಗ ಮಿಡತಿಗೆ ತಿನ್ನಾಕ ಏನೈತಿ?”

“ಮನುಷ್ಯರಿಗೇ ಏನೂ ಇಲ್ಲ, ಸಾಹೇಬರೆ.”

ಸಾಹೇಬರಿಗೆ ಈ ಉತ್ತರ ಹಿಡಿಸಲಿಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬೆತ್ತದಿಂದ ಬುಟ್ಟಿ ಕೆದಕಿದರು. ಗಂಗಿಯ ಕೈ ಸೆರಗನ್ನು ಹಿಂಡಿತು. ಬೆತ್ತಕ್ಕೆ ಗಟ್ಟಿಯಾದದ್ದೇನೋ ಟಕ್ಕೆಂದು ತಾಗಿತು. ಸಾಹೇಬರು ಹುಬ್ಬು ಗಂಟಿಕ್ಕಿ ಬಗ್ಗತೊಡಗಿದರು.

ಮಾಬ್ಲೇಶ್ವರ ಮೂಗಿನ ಬಟ್ಟೆ ತೆಗೆದ. ಅವರಿಗಿಂತ ಮೊದಲು ತಾನೇ ಬುಟ್ಟಿಯ ಮೇಲೆ ಬಗ್ಗಿ ಎದೆ ತುಂಬ ಉಸಿರೆಳೆದುಕೊಂಡ. ಬೆಳಗಿನ ಗಂಜಿಯೆಲ್ಲ ಹೊರಗೆ ಬಂತು. ಅರ್ಧ ಬುಟ್ಟಿಗೆ, ಅರ್ಧ ಸಾಹೇಬರ ಬೂಟಿಗೆ.

“ಥೂ, ಥೂ, ಸುಡ್ರಿ ಇದನ್ನ!” ಸಾಹೇಬರು ಹಿಂದಕ್ಕೆ ಹಾರಿ ಬೂಟನ್ನು ಮರಳಿಗೆ ಉಜ್ಜಿದರು. “ಹಾವಳಿ ಐತಿ ಅಂತ ಬರಕೋತೀನಿ. ಅಕ್ಕಿ ಇಲ್ಲೇ ಇರಲಿ.” ಮೋಟಾರು ಭಟ್ಕಳದ ದಾರಿ ಹಿಡಿಯಿತು.

ಗಂಗಿ ಗೆರಟೆಯಲ್ಲಿ ನೀರು ತಂದು ದೂರದಿಂದಲೇ ಕೈಗೆ ಹೊಯ್ದಳು. “ಎಂತ ಆತು ಹೆಗ್ಡೇರೆ? ಮೈ ಹುಷಾರಿಲ್ವಾ?” ಈ ಗುಮಾಸ್ತರು ಬುಟ್ಟಿಯನ್ನು ಒಮ್ಮೆಯೂ ಸರಿಯಾಗಿ ನೋಡಿದವರಲ್ಲ ಎಂಬುದೇ ಇಷ್ಟು ದಿನ ಅವಳ ಧೈರ್ಯ.

ಮಾಬ್ಲೇಶ್ವರ ಬಾಯಿ ಮುಕ್ಕಳಿಸಿ ಉಗುಳಿದ. ಅಕ್ಕಿಯನ್ನು ಸೇರು ತುಂಬಿ ತುಳುಕುವಂತೆ ಅಳೆದು ಅವಳ ಸೆರಗಿಗೆ ಸುರಿದ. ಮತ್ತೆ ಮೂಗು ಮುಚ್ಚಿಕೊಂಡ.

“ನಾಳಿಂದ ಸಿಗಡಿ ಸಿಪ್ಪೆ ತರೂಕಾದ್ರೆ, ಏಡಿ ಕಾಲು ಹೆಕ್ಕಿ ತೆಗ್ದು ತಾ, ಗಂಗಿ.”