ಚಂದ್ರಿಕೆ ಹೋಗುವಷ್ಟು ಜಾಗ

ಮುಳ್ಳುತಂತಿಯ ಬೇಲಿ ಕಂಡರೆ ಈಗಲೂ ಜಂಗಮಕೋಟೆಯ ನಮ್ಮ ಹಿತ್ತಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೂ ಪಕ್ಕದ ಮನೆಯ ದೊಡ್ಡಪ್ಪನಿಗೂ ಮಾತು ನಿಂತು ತಿಂಗಳಾಗಿತ್ತು. ನಡುವೆ ಬೇಲಿ ಹಾಕಿಸಲು ಎಷ್ಟಾಗುತ್ತದೆಂದು ತಿಳಿಯಲು ಅಪ್ಪ ಮೇಸ್ತ್ರಿಯನ್ನು ಕರೆಸಿದ್ದರು. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು.

"ಹದಿನೈದು ಕಲ್ಲುಕಂಬ, ನಾಲ್ಕು ಸಾಲು ತಂತಿ," ಎಂದು ಬರೆದುಕೊಂಡ ಮೇಸ್ತ್ರಿ, "ಓಡಾಡಕ್ಕೆ ಗೇಟ್ ಬೇಕಾ ಸ್ವಾಮಿ?" ಎಂದ.

"ಯಾರು ಓಡಾಡ್ಬೇಕು? ಬೇಡ," ಎಂದರು ಅಪ್ಪ.

ಅಷ್ಟರಲ್ಲಿ ಅಜ್ಜಿ ಹುಳುಮನೆಯಿಂದ ಒಂದು ಚಂದ್ರಿಕೆಯನ್ನು ತಲೆಯ ಮೇಲೆ ಹೊತ್ತು ತಂದರು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಎರಡೂ ಮನೆಯಲ್ಲಿ ಹತ್ತತ್ತು ಇದ್ದವು. ಯಾರ ಹುಳು ಹಣ್ಣಾದರೂ ಇಪ್ಪತ್ತೂ ಆ ಮನೆಗೇ ಹೋಗುತ್ತಿದ್ದವು.

ಅಜ್ಜಿ ಅದನ್ನು ಟೇಪಿನ ಮೇಲೆಯೇ ಮಲಗಿಸಿ, "ಇದು ಎಲ್ಲಿಂದ ಹೋಗ್ತದಪ್ಪಾ?" ಎಂದು ಅಪ್ಪನನ್ನು ಕೇಳಿದರು.

"ಗೇಟಿಗೆ ಬೇರೆ ದುಡ್ಡಾಗ್ತದಮ್ಮ," ಎಂದ ಮೇಸ್ತ್ರಿ.

"ಗೇಟ್ ಯಾಕೆ? ಜಾಗ ಬಿಡು. ಜಾಗ ಬಿಡಕ್ಕೂ ದುಡ್ಡಾ?" ಎಂದರು ಅಜ್ಜಿ.

ಅಪ್ಪ ಕುಕ್ಕರಗಾಲಲ್ಲಿ ಕೂತು ತಟ್ಟಿಯ ಒರಟು ಅಂಚನ್ನು ಸವರಿದರು. ಹೋದ ಬೆಳೆಯ ರೇಷ್ಮೆ ಎಳೆಗಳು ಅದಕ್ಕಿನ್ನೂ ಅಂಟಿಕೊಂಡಿದ್ದವು. ಆಮೇಲೆ ನನ್ನತ್ತ ತಿರುಗಿ, "ಅಗಲ ಎಷ್ಟಿದೆ ನೋಡಮ್ಮ," ಎಂದರು.

ನಾನು ಟೇಪ್ ಹಿಡಿದು ನೋಡಿದೆ. ನಾಲ್ಕಡಿ ಇತ್ತು.

"ಆರಡಿ ಬರ್ಕೊ," ಎಂದು ಅಪ್ಪ ಮೇಸ್ತ್ರಿಗೆ ಹೇಳಿದರು. "ಹೊರೋರ ಕೈಗೆ ಮುಳ್ಳು ಗೀರಬಾರದು."